ಕಪ್ಪು ಎಂಜಿನ್, ಬಿಳಿ ಹಬೆ

ಪ್ರಶ್ನೆ: ಮಗಳ ಮನೆಗೆಂದು ಎಡಿನ್‌ಬರೋಗೆ ಹೊರಟಿದ್ದೇನೆ. ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಸೇತುವೆ ದಾಟುವ ಜಾಕೊಬೈಟ್ ಉಗಿ ರೈಲಿನ ಫೋಟೊ ತೆಗೆಯುವ ಆಸೆ. ಏನೇನು ಗಮನಿಸಬೇಕು?

ಉತ್ತರ: ಮೊದಲು ದಿಕ್ಕು ನೋಡಿಕೊಳ್ಳಿ. ಫೋರ್ಟ್ ವಿಲಿಯಂನಿಂದ ಮಲೇಗ್‌ಗೆ ಹೋಗುವಾಗ ಸಾಮಾನ್ಯವಾಗಿ ಎಂಜಿನ್ನಿನ ಚಿಮಣಿ ಮುಂದಿರುತ್ತದೆ, ವಾಪಸ್ ಬರುವಾಗ ಎಂಜಿನ್ನಿಗೆ ಅಂಟಿಕೊಂಡ, ಕಲ್ಲಿದ್ದಲು ತುಂಬಿದ ಬಂಡಿ (ಟೆಂಡರ್) ಮುಂದಾಗುತ್ತದೆ. ಹಾಗಾಗಿ ಮಲೇಗ್‌ಗೆ ಹೋಗುವ ರೈಲಿನ ಫೋಟೊವನ್ನೇ ತೆಗೆಯಿರಿ. 21 ಕಮಾನುಗಳ ಆ ಕಾಂಕ್ರೀಟ್ ಸೇತುವೆ ಬಿಲ್ಲಿನ ಹಾಗೆ ಬಾಗಿದೆ, ಗುಡ್ಡ ಹತ್ತಿ ನಿಂತರೆ ಎಂಜಿನ್ನೂ ಬೋಗಿಗಳೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ, ಅದಕ್ಕೇ ಅಲ್ಲಿ ಅಷ್ಟು ಜನ. ಬೇಗ ಹೋಗಿ ಜಾಗ ಹಿಡಿಯಿರಿ.

ನಿಜವಾದ ಕಷ್ಟ ಬೆಳಕಿನದು. ಎಂಜಿನ್ ಕಪ್ಪು, ಹಬೆ ಬಿಳಿ, ಅಲ್ವಾ? ಕ್ಯಾಮೆರಾ ಕಪ್ಪನ್ನು ನೋಡಿ ಇಡೀ ಚಿತ್ರವನ್ನು ಜಾಸ್ತಿ ಬೆಳಗಿಸಿದರೆ ಹಬೆ ಬರೀ ಬಿಳಿ ತೇಪೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಅದರ ಸುರುಳಿಗಳು ಸಿಗುವುದಿಲ್ಲ. ಹೀಗೆ ಒಳ್ಳೊಳ್ಳೆ ಚಿತ್ರ ಕಳೆದುಕೊಂಡು ನಾನೂ ಬೇಜಾರು ಪಟ್ಟಿದ್ದೇನೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕನ್ನು, ಸ್ವಲ್ಪ ಇಳಿಸಿ, ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ತೆಗೆಯಿರಿ. ಕಪ್ಪಾಗಿ ಬಂದ ಭಾಗಗಳನ್ನು ಆಮೇಲೆ ಮನೆಯಲ್ಲಿ ಕೂತು ಬೆಳಗಿಸಬಹುದು. ಮೋಡ ಕವಿದಿದೆ, ಚಳಿ ಇದೆ ಎಂದು ಸುಮ್ನೆ ಬೇಸರ ಬೇಡ. ತಣ್ಣನೆ ಗಾಳಿಯಲ್ಲೇ ಹಬೆ ದಟ್ಟವಾಗಿ ನಿಲ್ಲುತ್ತದೆ.

ಹತ್ತಿರದಿಂದ, ಪಕ್ಕದಲ್ಲಿ ನಿಂತು ತೆಗೆಯುವಾಗ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳನ್ನೇ ನೋಡುತ್ತಿರಿ. ಅದು ಪೂರ್ತಿ ಕೆಳಗೆ ಬಂದ ಕ್ಷಣ ಒತ್ತಿ. ಆಗ ಎಂಜಿನ್ ತುಂಬ ಚೆಂದ ಕಾಣುತ್ತದೆ.

ಹಳಿಯ ಬೇಲಿ ಮಾತ್ರ ದಾಟಲೇಬೇಡಿ, ಅಲ್ಲಿ ಬೇರೆ ರೈಲುಗಳೂ ಓಡುತ್ತವೆ.