ಕೇಸ್ ಕಷ್ಟ ಆದಾಗ ಮಾತ್ರ ಸೂಪರ್‌ವಿಷನ್ ತಗೊಂಡ್ರೆ ಸಾಲಲ್ವಾ?

ಕೌನ್ಸೆಲಿಂಗ್ ಶುರು ಮಾಡಿ 3 ವರ್ಷ ಆಯ್ತು, ಇನ್ನೂ ತಿಂಗಳು ತಿಂಗಳು ದುಡ್ಡು ಕೊಟ್ಟು ಸೂಪರ್‌ವಿಷನ್ (ನಮ್ಮ ಕೇಸ್‌ಗಳನ್ನ ಒಬ್ಬ ಸೀನಿಯರ್ ಮುಂದಿಟ್ಟು ಮಾತಾಡೋದು) ಯಾಕೆ ಅಂತ ಕೇಳಿದೀರ. ನಾನೂ ಮೈಸೂರಲ್ಲಿ ಸ್ವಂತ ಪ್ರಾಕ್ಟೀಸ್ ಇಟ್ಟ ಮೂರನೇ ವರ್ಷ ಇದೇ ಲೆಕ್ಕ ಹಾಕಿದ್ದೆ. ಎಂ.ಫಿಲ್‌ನ 2 ವರ್ಷ ಪ್ರತಿ ಕೇಸೂ ಮೇಡಂ ಮುಂದೆ ಇಡ್ಬೇಕಿತ್ತು, ಹೊರಗೆ ಬಂದ್ಮೇಲೆ ಕೇಳೋರೇ ಇಲ್ಲ. ಹಾಗಾಗಿ ಕಷ್ಟ ಅನ್ಸಿದ ಫೈಲ್ ಮಾತ್ರ ಹಿಡ್ಕೊಂಡು ಹೋಗ್ತಿದ್ದೆ.

ಆಗ ಒಬ್ರು ಬರ್ತಿದ್ರು, ನಮ್ಮಮ್ಮನ ವಯಸ್ಸು (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ). ನಗ್ತಾ ನಗ್ತಾ ಮಾತಾಡೋರು, ಒಂದ್ಸಲ ಸ್ಟೀಲ್ ಡಬ್ಬೀಲಿ ಕೋಡುಬಳೆ ತಂದುಕೊಟ್ರು. ನಮ್ಮಮ್ಮ ತೀರಿಕೊಂಡು ಆಗ ವರ್ಷ ಕೂಡ ತುಂಬಿರ್ಲಿಲ್ಲ. 8 ತಿಂಗಳಲ್ಲಿ ಒಂದ್ಸಲನೂ ಅವರ ವಿಷಯ ಸೂಪರ್‌ವೈಸರ್ ಹತ್ರ ಎತ್ತಿಲ್ಲ, ಚೆನ್ನಾಗೇ ಹೋಗ್ತಿದೆಯಲ್ಲ ಅಂತ. ಒಂದಿನ ಅವರ ಮಗಳು ಫೋನ್ ಮಾಡಿದ್ರು, ಅಮ್ಮ ಪ್ರಾಣ ಕಳ್ಕೊಳ್ಳೋಕೆ ಹೋಗಿದ್ರು, ಐಸಿಯುನಲ್ಲಿದಾರೆ ಅಂತ. ಪುಣ್ಯಕ್ಕೆ ಉಳಿದ್ರು. ಆದ್ರೆ ನನ್ನ ಹತ್ರ ಮತ್ತೆ ಬರಲಿಲ್ಲ.

ಆಮೇಲೆ ಸೂಪರ್‌ವೈಸರ್ ಆ ಫೈಲ್ ಬಿಡಿಸಿದ್ರು. ಬೇರೆಲ್ಲಾ ಫೈಲಲ್ಲೂ ಮೊದಲನೇ ಪುಟದಲ್ಲೇ 'ಸಾಯೋ ಯೋಚನೆ' ಅನ್ನೋದರ ಮುಂದೆ ಏನಾದ್ರೂ ಬರೆದಿದೀನಿ, ಇವರದ್ರಲ್ಲಿ ಖಾಲಿ. ನಾನು ಕೇಳೇ ಇರ್ಲಿಲ್ಲ. ಕೇಳಿದ್ರೆ ಇಲ್ಲದ ಹುಳ ತಲೇಲಿ ಬಿಟ್ಟಂಗಾಗುತ್ತೆ ಅಂತ ಜನ ಹೆದರ್ತಾರೆ, ಹಾಗೇನೂ ಆಗಲ್ಲ, ಧೈರ್ಯವಾಗಿ ಕೇಳಿ ಅಂತ ನರ್ಸ್‌ಗಳಿಗೆ ಪಾಠ ಮಾಡಿದೋಳು ನಾನು. ಮರೆತಿದ್ದಲ್ಲ ಅದು. ಅಮ್ಮನ ಥರ ಕಾಣೋರ ಬಾಯಲ್ಲಿ 'ಹೌದು' ಅಂತ ಬಂದುಬಿಟ್ರೆ ಏನ್ ಮಾಡ್ಲಿ ಅಂತ ಪ್ರತಿ ಸಲ ಮುಂದಿನ ವಾರಕ್ಕೆ ತಳ್ಳಿದೆ. ಸೂಪರ್‌ವಿಷನ್‌ಗೆ ಯಾವ ಕೇಸ್ ತಗೊಂಡು ಹೋಗ್ಬೇಕು ಅಂತ ಆರಿಸ್ತಿದ್ದೋಳೂ ನಾನೇ ಆಗಿದ್ರಿಂದ ಆ ಖಾಲಿ ಜಾಗ ಇನ್ನೊಬ್ಬರ ಕಣ್ಣಿಗೆ ಬೀಳೋ ದಾರಿನೇ ಇರ್ಲಿಲ್ಲ.

ಅದಕ್ಕೇ ನಿಮ್ಮ 'ಕಷ್ಟ ಆದಾಗ ಮಾತ್ರ' ಅನ್ನೋದನ್ನ ನಾನು ಒಪ್ಪಲ್ಲ. ತಾರೀಖು ಗೊತ್ತು ಮಾಡ್ಕೊಳ್ಳಿ. ಬ್ರಿಟನ್‌ನಲ್ಲಿ ಬಿಎಸಿಪಿ ಅಂತ ಕೌನ್ಸೆಲರ್‌ಗಳ ಸಂಘ ಇದೆ, ಅವರು ತಮ್ಮ ಮಾನ್ಯತೆ (ಅಕ್ರೆಡಿಟೇಷನ್) ಪಡೆದ ಮೆಂಬರ್‌ಗಳಿಗೆ ತಿಂಗಳಿಗೆ 1.5 ಗಂಟೆ ಇಟ್ಟಿದಾರೆ, ಅದೂ ಕನಿಷ್ಠ. ನನ್ನ ಕೇಳಿದ್ರೆ ಮೊದಲ 2 ವರ್ಷ ವಾರವಾರ, ಆಮೇಲೆ 15 ದಿನಕ್ಕೊಂದ್ಸಲ, ತಿಂಗಳು ಮಾತ್ರ ದಾಟಬಾರದು. ದುಡ್ಡಿನ ಕಷ್ಟ ಇದ್ರೆ ನಾಲ್ಕು ಜನ ಸೇರಿ ಒಬ್ಬ ಸೀನಿಯರ್‌ನ ಫೀಸ್ ಹಂಚ್ಕೊಳ್ಳಿ. ನಿಮ್ಮ ರಜೆಗೆ ಸಹಿ ಹಾಕೋ ಬಾಸ್ ಹತ್ರ ಮಾತ್ರ ಬೇಡ, ಅವರ ಮುಂದೆ ಯಾರು ತಾನೆ ಬಾಯಿಬಿಟ್ಟು ತಪ್ಪು ಹೇಳ್ತಾರೆ.

ನಂದು ಈಗ ಎರಡನೇ, ನಾಲ್ಕನೇ ಶನಿವಾರ ಬೆಳಗ್ಗೆ. ಫೈಲ್ ನಾನು ಆರಿಸಲ್ಲ, ಸೂಪರ್‌ವೈಸರ್ರೇ ಒಂದು ನಂಬರ್ ಹೇಳ್ತಾರೆ. ಹೋದ ಸಲ 14 ಅಂದ್ರು. ಅದೊಂದು ಬೇಡಪ್ಪಾ ಅನ್ನಿಸ್ತು, ಅದನ್ನೇ ತೆಗೆದು ಮುಂದೆ ಇಟ್ಟೆ.