ಕಾನೂನು ಕೇಳಿ: ಅತ್ತೆಗೆ ಗಾಂಜಾ ತಂದುಕೊಟ್ರೆ ಸೊಸೆ ಮೇಲೆ ಕೇಸಾಗುತ್ತಾ?

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಅತ್ತೆಗೆ ಕ್ಯಾನ್ಸರ್, ಕೀಮೋ ಶುರುವಾದ್ಮೇಲೆ ತಿಂದಿದ್ದೊಂದೂ ಹೊಟ್ಟೇಲಿ ನಿಲ್ತಿರ್ಲಿಲ್ಲ, ಡಾಕ್ಟ್ರು ಮೆಡಿಕಲ್ ಗಾಂಜಾ ತಗೋಬಹುದು ಅಂತ ಲೆಟರ್ ಕೊಟ್ರು. ಅಂಗಡಿಯಿಂದ ತರೋದು, ರಾತ್ರಿ ಡ್ರಾಪ್ಸ್ ಎಣಿಸಿ ನಾಲಿಗೆ ಕೆಳಗೆ ಹಾಕೋದು ಎಲ್ಲಾ ನಾನೇ. ಅತ್ತೆ ಸಿಟಿಜನ್, ನಂದು ಗ್ರೀನ್ ಕಾರ್ಡ್. ನನಗೇನಾದ್ರೂ ತೊಂದ್ರೆ ಆಗುತ್ತಾ?

ಉತ್ತರ: ನೋಡಿಯಮ್ಮಾ, ನಿಮ್ಮ ರಾಜ್ಯದ ಕಾನೂನು ಮತ್ತೆ ಫೆಡರಲ್ ಕಾನೂನು, ಅಂದ್ರೆ ಇಡೀ ಅಮೆರಿಕದ ಕಾನೂನು, ಈ ವಿಷಯದಲ್ಲಿ ಒಂದೇ ಮನೇಲಿದ್ದು ಮಾತುಬಿಟ್ಟ ಅಣ್ತಮ್ಮಂದಿರ ಥರ. 1996ರಲ್ಲಿ ಕ್ಯಾಲಿಫೋರ್ನಿಯಾ ಜನ ಓಟ್ ಹಾಕಿ ಪ್ರೊಪೊಸಿಷನ್ 215 ಪಾಸ್ ಮಾಡಿದ್ರು, ಆಗ್ಲಿಂದ ಡಾಕ್ಟ್ರ ಶಿಫಾರಸಿರೋ ಪೇಷೆಂಟು ಮತ್ತೆ ಅವ್ರ ಕೇರ್‌ಗಿವರ್ ಗಾಂಜಾ ಇಟ್ಕೊಂಡ್ರೆ, ಬೆಳೆದ್ರೆ ರಾಜ್ಯದ ಕಾನೂನಲ್ಲಿ ಅಪರಾಧ ಅಲ್ಲ. ಆದ್ರೆ ಕೇರ್‌ಗಿವರ್ ಅಂದ್ರೆ ಯಾರು ಅನ್ನೋದ್ರಲ್ಲೇ ಸುಮಾರು ಜನ ಎಡವೋದು. ಪೇಷೆಂಟೇ ಹೆಸರಿಸಿರ್ಬೇಕು, ಅವ್ರ ವಸತಿ, ಆರೋಗ್ಯ ಇಲ್ಲಾ ಸುರಕ್ಷತೆ ಜವಾಬ್ದಾರಿ ನೀವು ಬಿಡದೆ ನೋಡ್ಕೊಂಡು ಬಂದಿರ್ಬೇಕು. ಒಬ್ಬಾತ ಐದು ಜನಕ್ಕೆ ಗಾಂಜಾ ಮಾರ್ತಾ, ಆಗೀಗ ಒಬ್ರಿಬ್ರನ್ನ ಡಾಕ್ಟ್ರ ಹತ್ರ ಡ್ರಾಪ್ ಮಾಡಿ, ನಾನೂ ಕೇರ್‌ಗಿವರ್ರೇ ಅಂದ, 2008ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆರೈಕೆ ಮೊದಲಿರ್ಬೇಕು ಗಾಂಜಾ ಆಮೇಲೆ ಅಂತು. ನೀವು ಒಂದೇ ಮನೇಲಿದ್ದು ಸೇವೆ ಮಾಡ್ತಿರೋರು, ಅಷ್ಟರಮಟ್ಟಿಗೆ ಗಟ್ಟಿ. ಕೌಂಟಿಯಿಂದ ಐಡಿ ಕಾರ್ಡ್ ಕಡ್ಡಾಯ ಅಲ್ಲ, ಆದ್ರೂ ಮಾಡಿಸ್ಕೊಳ್ಳಿ, ಪೊಲೀಸ್ರು ಕಾರು ನಿಲ್ಸಿದಾಗ ರಸ್ತೇಲಿ ನಿಂತು ವಾದ ಮಾಡೋದು ತಪ್ಪುತ್ತೆ, ಅತ್ತೆ ಕಾರ್ಡಿಗೆ ಸೇಲ್ಸ್ ಟ್ಯಾಕ್ಸೂ ಉಳಿಯುತ್ತೆ.

ನಂಗೆ ಚಿಂತೆ ನಿಮ್ಮ ಗ್ರೀನ್ ಕಾರ್ಡ್‌ದು. ಇಮಿಗ್ರೇಷನ್‌ನೋರು ನೋಡೋದು ಫೆಡರಲ್ ಕಾನೂನು ಮಾತ್ರ. ರಾಜ್ಯದಲ್ಲಿ ಲೀಗಲ್ ಆಗಿದ್ರೂ ಗಾಂಜಾ ಸಹವಾಸ ಸಿಟಿಜನ್‌ಶಿಪ್‌ಗೆ ಬೇಕಾದ ಸನ್ನಡತೆಗೆ ಅಡ್ಡ ಬರಬಹುದು ಅಂತ 2019ರಲ್ಲಿ ಅವ್ರೇ ಬರೆದು ಹೇಳಿದಾರೆ. ಕೇಸೇ ಆಗಿರ್ಬೇಕಂತಿಲ್ಲ, ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಒಪ್ಕೊಂಡ್ರೂ ಸಾಕು, ಹಂಗಂತ ಸುಳ್ಳು ಹೇಳೋಕೂ ಹೋಗ್ಬೇಡಿ ಅದು ಇನ್ನೂ ದೊಡ್ಡ ಕುತ್ತು. ಅದಕ್ಕೇ ತರೋ ಕೆಲಸ ನೀವು ಬಿಡಿ. ಲೈಸೆನ್ಸ್ ಇರೋ ಅಂಗಡಿಯೋರು ಮನೆಗೇ ಡೆಲಿವರಿ ಕೊಡ್ತಾರೆ, ಅತ್ತೆನೇ ಬಾಗಿಲಿಗೆ ಬಂದು ಐಡಿ ತೋರ್ಸಿ ತಗೊಳ್ಲಿ. ಅರ್ಜಿ ಹಾಕೋ ಮುಂಚೆ, ದೇಶ ಬಿಟ್ಟು ಹೊರಗೆ ಹೋಗೋ ಮುಂಚೆ ಒಬ್ಬ ಇಮಿಗ್ರೇಷನ್ ಲಾಯರ್ ಹತ್ರ ಕೂತು ಇರೋದನ್ನೆಲ್ಲಾ ಹೇಳಿ. ಆ ಬಾಟ್ಲಿ ಹ್ಯಾಂಡ್‌ಬ್ಯಾಗಲ್ಲೇ ಮರೆತು ಏರ್‌ಪೋರ್ಟಿಗೆ ಹೋಗ್ಬೇಡಿ ಮತ್ತೆ.

ಪ್ರಶ್ನೆ: ನಮ್ಮ ಡಾಕ್ಟ್ರು ಗಾಂಜಾಗೆ ಚೀಟಿ ಬರೆಯಲ್ಲ, ಶಿಫಾರಸು ಅಷ್ಟೇ ಅಂತಾರೆ. ಹೆದ್ರಿಕೊಂಡಿದಾರಾ?

ಉತ್ತರ: ಹೆದ್ರಿಕೆ ಅಲ್ಲ, ಅವ್ರು ಕಾನೂನು ಓದ್ಕೊಂಡಿದಾರೆ. 1970ರ ಫೆಡರಲ್ ಕಾಯ್ದೆ ಗಾಂಜಾನ ಶೆಡ್ಯೂಲ್ ಒಂದು ಅನ್ನೋ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹಾಕ್ತು, ಅದ್ರಲ್ಲಿರೋದಕ್ಕೆ ಚೀಟಿ ಬರೆಯಂಗಿಲ್ಲ. ಪ್ರೊಪೊಸಿಷನ್ 215 ಬಂದ ತಕ್ಷಣ ಫೆಡರಲ್ ಸರ್ಕಾರ, ಶಿಫಾರಸು ಮಾಡಿದ್ರೆ ಔಷಧಿ ಬರೆಯೋ ರಿಜಿಸ್ಟ್ರೇಷನ್ನೇ ಕಿತ್ಕೋತೀವಿ ಅಂತ ಡಾಕ್ಟ್ರುಗಳನ್ನ ಹೆದರಿಸ್ತು. ಡಾಕ್ಟ್ರು, ಪೇಷೆಂಟ್ಸ್ ಸೇರಿ ಕೋರ್ಟಿಗೆ ಹೋದ್ರು. 2002ರಲ್ಲಿ ಒಂಬತ್ತನೇ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟ್, ಡಾಕ್ಟ್ರು ಪೇಷೆಂಟಿಗೆ ಪ್ರಾಮಾಣಿಕವಾಗಿ ಸಲಹೆ ಕೊಡೋದು ವಾಕ್ ಸ್ವಾತಂತ್ರ್ಯ ಅಂತ ಹೇಳ್ತು, ಮುಂದಿನ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಆ ಕೇಸ್ ಕೈಗೆತ್ಕೊಳ್ಳಲೇ ಇಲ್ಲ. ಅಂದ್ರೆ ಹೇಳಬಹುದು, ಲೆಟರ್ ಕೊಡಬಹುದು, ಇಂಥೋರ ಹತ್ರ ಹೋಗಿ ತಗೊಳ್ಳಿ ಅಂತ ಕೊಡ್ಸೋಕೆ ಹೊರಟ್ರೆ ಈ ರಕ್ಷಣೆ ಇಲ್ಲ.

ಪ್ರಶ್ನೆ: ಬೆನ್ನುನೋವಿಗೆ ಲೆಟರ್ ಇದೆ. ಆಫೀಸಲ್ಲಿ ಟೆಸ್ಟ್ ಮಾಡಿ ಕೆಲಸದಿಂದ ತೆಗೀಬಹುದಾ?

ಉತ್ತರ: ಮುಂಚೆ ಆರಾಮಾಗಿ ತೆಗೀತಿದ್ರು, 2008ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟೇ ಕಂಪನಿ ಕಡೆ ತೀರ್ಪು ಕೊಟ್ಟಿತ್ತು. 2024ರ ಜನವರಿಯಿಂದ ಕಾನೂನು ಬದ್ಲಾಯ್ತು, ಡ್ಯೂಟಿ ಇಲ್ಲದಾಗ ಕೆಲಸದ ಜಾಗದ ಹೊರಗೆ ತಗೊಂಡಿದ್ದಕ್ಕೆ, ನಶೆ ಇಳಿದು ದಿನಗಟ್ಲೆ ಆದ್ಮೇಲೂ ಮೂತ್ರದಲ್ಲೋ ಕೂದಲಲ್ಲೋ ಉಳಿಯೋ ಅಂಶ ಹಿಡ್ಕೊಂಡು ತೆಗೆಯಂಗಿಲ್ಲ. ಕಟ್ಟಡ ಕೆಲಸದೋರಿಗೆ, ಫೆಡರಲ್ ಕ್ಲಿಯರೆನ್ಸ್ ಬೇಕಿರೋ ಕೆಲಸಕ್ಕೆ ಇದು ಅನ್ವಯ ಆಗಲ್ಲ, ನಿಮ್ದು ಯಾವ ಕೆಲಸ ಅಂತ ಬರೆದೇ ಇಲ್ವಲ್ಲ ನೀವು.