‘ಹೇಳಿದ್ರೆ ಮಾತ್ರೆ ಕಮ್ಮಿ ಮಾಡ್ತಾರೆ’ ಅಂತ ಅಮ್ಮ ಅಂಗೈ ಮುಚ್ಚಿಡ್ತಾರೆ

ಪ್ರಶ್ನೆ: ಡಾಕ್ಟ್ರೇ, ನಮ್ದು ಮಂಗಳೂರಿಂದ ಸ್ವಲ್ಪ ಒಳಗೆ, ಬಂಟ್ವಾಳದ ಹತ್ರ. ಅಮ್ಮನಿಗೆ 56 ವರ್ಷ. 4 ವರ್ಷದ ಹಿಂದೆ ಬ್ರೆಸ್ಟ್ ಕ್ಯಾನ್ಸರ್‌ಗೆ ಆಪರೇಶನ್, ಕೀಮೋ ಎಲ್ಲ ಆಗಿತ್ತು, ಈಗ ಲಿವರಿಗೆ ಹರಡಿದೆ, ಪೂರ್ತಿ ಗುಣ ಆಗುದಿಲ್ಲ, ಆದ್ರೆ ಔಷಧಿ ಉಂಟು ಅಂತ ಹೇಳಿದ್ರು. ಕೆಪೆಸಿಟಬಿನ್ ಮಾತ್ರೆ 3 ಸೈಕಲ್ ಆಯ್ತು, ಸ್ಕ್ಯಾನಲ್ಲಿ ಗಡ್ಡೆ ಸಣ್ಣ ಆಗಿದೆ. ಆದ್ರೆ ಅಂಗೈ ಕೆಂಪಾಗಿ ಸಿಪ್ಪೆ ಏಳ್ತಾ ಉಂಟು, ಕಾಲಡಿ ಉರಿ, ಬೀಡಿ ಕಟ್ಲಿಕ್ಕೆ ಆಗುದಿಲ್ಲ. ಡಾಕ್ಟ್ರ ಎದುರು ಕೂತ್ರೆ ಮಾತ್ರ "ಎಲ್ಲ ಹುಷಾರುಂಟು" ಅಂತಾರೆ. ಹೇಳಿದ್ರೆ ಮಾತ್ರೆ ಕಮ್ಮಿ ಮಾಡ್ತಾರೆ, ಆಮೇಲೆ ಗಡ್ಡೆ ದೊಡ್ಡ ಆದ್ರೆ ಅಂತ ಹೆದರಿಕೆ. ನಂಜು ಅಂತ ಮೀನೂ ಬಿಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲದ ಹಾಗೆ ನಾನೇ ಡಾಕ್ಟ್ರಿಗೆ ಹೇಳ್ಬೇಕಾ?

ಉತ್ತರ: ಹೇಳ್ಬೇಕು, ಆದ್ರೆ ಅವರಿಗೆ ಗೊತ್ತಿಲ್ಲದ ಹಾಗೆ ಅಲ್ಲ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಿ. ಮತ್ತೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯ್ಬೇಡಿ, ಇವತ್ತೇ ಫೋನ್ ಮಾಡಿ.

ನಿಮ್ಮ ಅಮ್ಮನ ಹಾಗೆ ಹೇಳುವವರನ್ನು ನಾನು ಎಷ್ಟು ಜನ ನೋಡಿದ್ದೇನೆ ಅಂದ್ರೆ ಈಗ "ಹುಷಾರುಂಟು" ಅಂತ ಯಾರಾದ್ರೂ ಬಾಗಿಲಿಂದ್ಲೇ ಹೇಳಿದ್ರೆ ನಾನು ಮೊದಲು ಅವರ ಕಾಲು ನೋಡ್ತೇನೆ. ಕೆಲವು ವರ್ಷದ ಹಿಂದೆ ಒಬ್ರು ಅಕ್ಕ ಚಪ್ಪಲಿ ಕೈಲಿ ಹಿಡ್ಕೊಂಡು ಒಳಗೆ ಬಂದ್ರು, ನಾನು ಮರ್ಯಾದೆಗೆ ತೆಗೆದದ್ದು ಅಂತ ಎಣಿಸಿದೆ, ಮಾತಾಡಿ ರಿಪೋರ್ಟ್ ನೋಡಿ ಕಳಿಸಿಯೂ ಬಿಟ್ಟೆ. ಹೋಗುವಾಗ ಫೈಲು ಎತ್ಲಿಕ್ಕೆ ಬೆರಳು ಬಗ್ಗಿಸದೆ ಎರಡು ಮುಂಗೈ ನಡುವೆ ಒತ್ತಿ ಹಿಡ್ಕೊಂಡ್ರಲ್ಲ, ಆಗ ಗೊತ್ತಾಯ್ತು. ಪುನಃ ಕರೆದು ಅಂಗೈ ನೋಡಿದ್ರೆ ಗೆರೆಗೆರೆಯಲ್ಲೂ ಬಿರುಕು, ಕಾಲಡಿಯಲ್ಲಿ ಗುಳ್ಳೆ. ಚಪ್ಪಲಿಯ ಪಟ್ಟಿ ತಾಗಿದ್ರೆ ಜೀವ ಹೋಗ್ತದೆ ಅಂತ ತೆಗೆದದ್ದಂತೆ. ಆ ದಿನ ನಾನು ಕೇಳದೆ ಕಳಿಸಿಬಿಡ್ತಿದ್ದೆ ಅನ್ನುದು ನನಗೆ ಈಗಲೂ ಚುಚ್ತದೆ.

ಇದು ಕೆಪೆಸಿಟಬಿನ್‌ನ ಗೊತ್ತಿರುವ ಅಡ್ಡಪರಿಣಾಮ, ಹ್ಯಾಂಡ್ ಫೂಟ್ ಸಿಂಡ್ರೋಮ್ ಅಂತ ಹೇಳ್ತೇವೆ. ಬರೀ ಕೆಂಪು, ನೋವಿಲ್ಲ ಅಂದ್ರೆ ಒಂದನೇ ಹಂತ. ನೋವಿದ್ದು ದಿನದ ಕೆಲಸಕ್ಕೆ ತೊಂದ್ರೆ ಆದ್ರೆ ಎರಡು. ಗುಳ್ಳೆ, ಹುಣ್ಣು, ಕೆಲಸವೇ ಆಗುದಿಲ್ಲ ಅಂದ್ರೆ ಮೂರು. ನಿಮ್ಮ ಅಮ್ಮ ಒಂದನೇ ಹಂತ ದಾಟಿದ್ದಾರೆ, ಈ ಸ್ಥಿತಿಯಲ್ಲಿ ಡಾಕ್ಟ್ರು ಮಾಡುದು ಇಷ್ಟೇ, ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ ಚರ್ಮ ಸರಿಯಾಗ್ಲಿಕ್ಕೆ ಬಿಟ್ಟು, ಬೇಕಾದ್ರೆ ಮೊದಲಿನ ಡೋಸಿನ ಮುಕ್ಕಾಲು ಪಾಲಿನಿಂದ ಪುನಃ ಶುರು ಮಾಡುದು. ಡೋಸ್ ಇಳಿಸಿದ್ರೆ ಸೋತ ಹಾಗೆ ಅಂತ ಅಮ್ಮ ಎಣಿಸಿದ್ದಾರೆ, ಅದು ತಪ್ಪು. ಡೋಸ್ ಇಳಿಸುವ ಮೆಟ್ಟಿಲುಗಳನ್ನು ಔಷಧಿ ತಯಾರಾಗುವಾಗ್ಲೇ ಬರೆದಿಟ್ಟಿರ್ತಾರೆ, ಎಲ್ಲರಿಗೂ ಪೂರ್ತಿ ಡೋಸ್ ತಡಿಲಿಕ್ಕಿಲ್ಲ ಅಂತ ಮೊದಲೇ ಗೊತ್ತು. 14 ದಿನ ತಕೊಂಡು 7 ದಿನ ಬಿಡುದರ ಬದಲು 7 ದಿನ ತಕೊಂಡು 7 ದಿನ ಬಿಡುವ ಕ್ರಮವೂ ಉಂಟು, ಅದನ್ನೂ ಕೇಳಿ ನೋಡಿ. ಆದ್ರೆ ಹೇಳದೆ ಸಹಿಸಿ ಸಹಿಸಿ ಮೂರನೇ ಹಂತಕ್ಕೆ ಹೋಗಿ ವಾರಗಟ್ಟಲೆ ಮಾತ್ರೆ ನಿಲ್ಲಿಸುವ ಹಾಗಾದ್ರೆ, ಅವರು ಹೆದರಿದ್ದೇ ಆಗ್ತದೆ.

ಅಮ್ಮನಿಗೆ ಇದೊಂದನ್ನು ಓದಿ ಹೇಳಿ. ನ್ಯೂಯಾರ್ಕಿನ ಒಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಜನರನ್ನು ಎರಡು ಗುಂಪು ಮಾಡಿದ್ರು, ಬ್ರೆಸ್ಟ್ ಕ್ಯಾನ್ಸರಿನವರೂ ಇದ್ರು. ಒಂದು ಗುಂಪಿಗೆ ಮಾಮೂಲಿ ಹಾಗೆ ಟ್ರೀಟ್‌ಮೆಂಟ್. ಇನ್ನೊಂದು ಗುಂಪಿನವರು ನೋವು, ವಾಂತಿ, ಬಚ್ಚುದು (ಸುಸ್ತು), ಭೇದಿ ಎಲ್ಲ ಎಷ್ಟುಂಟು ಅಂತ ಕಂಪ್ಯೂಟರಿನಲ್ಲಿ ಆಗಾಗ ತುಂಬಿಸುದು, ಜಾಸ್ತಿಯಾದ್ರೆ ನರ್ಸಿಗೆ ಮೆಸೇಜು ಹೋಗ್ತದೆ. ಔಷಧಿಯಲ್ಲಿ ವ್ಯತ್ಯಾಸ ಇಲ್ಲ, ಹೇಳುದರಲ್ಲಿ ಮಾತ್ರ. 2017ರಲ್ಲಿ ಫಲಿತಾಂಶ ಬಂತು, ಹೇಳಿಕೊಳ್ತಾ ಇದ್ದವರ ಗುಂಪಿನಲ್ಲಿ ಅರ್ಧ ಜನ 31.2 ತಿಂಗಳು ದಾಟಿ ಬದುಕಿದ್ರು, ಇನ್ನೊಂದರಲ್ಲಿ ಅರ್ಧ ಜನ ದಾಟಿದ್ದು 26 ತಿಂಗಳು. ಹೇಳಿಕೊಂಡವರು ಕೀಮೋವನ್ನೂ ಹೆಚ್ಚು ದಿನ ತಕೊಳ್ಲಿಕ್ಕೆ ಆಯ್ತು. ನಮ್ಮ ಕಡೆ ಬಂಗ ಬಂದ್ರೆ ಬಾಯಿ ಮುಚ್ಚಿ ಸಹಿಸುವ ಹೆಂಗಸಿಗೇ ಮರ್ಯಾದೆ, ಅಮ್ಮನೂ ಹಾಗೇ ಬೆಳೆದವರು, ಅದಕ್ಕೇ ಈ ಲೆಕ್ಕ ಅವರ ಕಿವಿಗೆ ಬೀಳ್ಬೇಕು.

ನಿಮ್ಮಲ್ಲಿ ಕಂಪ್ಯೂಟರ್ ಬೇಡ. ಅಡಿಗೆ ಕೋಣೆಯ ಕ್ಯಾಲೆಂಡರು ಸಾಕು. ದಿನಾ ರಾತ್ರಿ ಆ ದಿನದ ಚೌಕದಲ್ಲಿ ನೋವಿಗೆ 0ರಿಂದ 10ರ ಒಳಗೆ ಒಂದು ನಂಬ್ರ, ಕಕ್ಕಸಿಗೆ ಎಷ್ಟು ಸಲ ಹೋದದ್ದು, ಎಷ್ಟು ಊಟ ಸೇರಿತು, ಇಷ್ಟು ಬರೀರಿ. ಹೋಗುವಾಗ ಆ ಹಾಳೆ ಹರಿದು ತಕೊಂಡು ಹೋಗಿ ಅಥವಾ ಫೋಟೋ ತೆಗೀರಿ. "ಹುಷಾರುಂಟು" ಅಂತ ಬಾಯಲ್ಲಿ ಹೇಳಿದ್ರೂ ಹಾಳೆಯಲ್ಲಿ 7, 8 ಇದ್ರೆ ಯಾವ ಡಾಕ್ಟ್ರೂ ಸುಮ್ನೆ ಕಳಿಸುದಿಲ್ಲ. ಮಾಮೂಲಿಗಿಂತ 4 ಸಲ ಜಾಸ್ತಿ ಭೇದಿ ಆದ್ರೆ ಅಥವಾ ಬಾಯಿ ಹುಣ್ಣಾಗಿ ಗಂಜಿ ಕೂಡ ಇಳೀದಿದ್ರೆ ಹಾಳೆಗಾಗಿ ಕಾಯ್ಬೇಡಿ, ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಜ್ವರ 100.4 ದಾಟಿದ್ರೆ ಪ್ಯಾರಸಿಟಮೋಲ್ ಕೊಟ್ಟು ಬೆಳಗ್ಗೆ ನೋಡುವ ಅಂತ ಮಲಗಿಸ್ಬೇಡಿ, ರಾತ್ರಿ 2 ಗಂಟೆ ಆದ್ರೂ ಆಸ್ಪತ್ರೆಗೆ ಹೊರಡಿ.

ಬೀಡಿ ವಿಷ್ಯ. ಎಲೆಗೆ ಕತ್ತರಿ ಹಾಕುದು, ಸುರುಳಿ ಸುತ್ತುದು, ನೂಲು ಕಟ್ಟುದು ಎಲ್ಲ ಬೆರಳ ತುದಿಯ ಕೆಲಸ, ಒತ್ತಿ ಉಜ್ಜಿದ ಕಡೆ ಈ ತೊಂದ್ರೆ ಜಾಸ್ತಿ, ಬಿರುಕಿಗೆ ಹೊಗೆಸೊಪ್ಪಿನ ಹುಡಿ ಬಿದ್ರೆ ಉರಿ ಬೇರೆ. ಹಾಗಾಗಿ ಕೈ ಸರಿಯಾಗುವವರೆಗೆ ಬೇಡ. ಆದ್ರೆ "ನೀವು ಸುಮ್ನೆ ಕೂತ್ಕೊಳ್ಳಿ" ಅಂತ ಬೀಡಿ ಕಟ್ಟುವ ತಡ್ಪೆ (ಮೊರ) ತೆಗೆದು ಅಟ್ಟಕ್ಕೆ ಹಾಕ್ಬೇಡಿ. ಮೂವತ್ತು ವರ್ಷ ಆ ತಡ್ಪೆ ತೊಡೆ ಮೇಲೆ ಇಟ್ಕೊಂಡು ಮನೆ ನಡೆಸಿದವರಿಗೆ ಅದು ಬರೀ ದುಡ್ಡಲ್ಲ. ನೀವು ಕಟ್ಟಿ, ಅವರು ಪಕ್ಕದಲ್ಲಿ ಕೂತು ಲೆಕ್ಕ ನೋಡ್ಲಿ, ಬೀಡಿ ಬ್ರಾಂಚಿಗೆ ಒಟ್ಟಿಗೆ ಹೋಗಿ.

ಬೆಚ್ಚ ನೀರಿನ ಸ್ನಾನ ಇಲ್ಲಿಯವರಿಗೆ ಬಿಡ್ಲಿಕ್ಕೆ ಕಷ್ಟ, ಆದ್ರೆ ಹಂಡೆಯ ಸುಡುನೀರು ಕೈಕಾಲಿಗೆ ಬೇಡ, ಉಗುರು ಬೆಚ್ಚ ಸಾಕು. ಬಟ್ಟೆ ಒಗೆಯುವ ಕಲ್ಲು, ತೆಂಗಿನಕಾಯಿ ಹೆರೆಯುದು ಬೇರೆಯವರಿಗಿರಲಿ. ಮೆತ್ತಗಿನ ಅಗಲ ಚಪ್ಪಲಿ, ಯೂರಿಯಾ ಇರುವ ಕ್ರೀಮು ದಿನಕ್ಕೆ ಎರಡು ಮೂರು ಸಲ, ಮಲಗುವಾಗ ಕ್ರೀಮು ಹಚ್ಚಿ ಹತ್ತಿಯ ಸಾಕ್ಸ್. ಒಂದು ಒಳ್ಳೆಯ ಸುದ್ದಿ ಎಂತ ಅಂದ್ರೆ ದೆಹಲಿಯ ಏಮ್ಸ್‌ನವರು 264 ಜನರಲ್ಲಿ ಸಾಮಾನ್ಯ ಡೈಕ್ಲೋಫಿನಾಕ್ ಜೆಲ್ ಪರೀಕ್ಷೆ ಮಾಡಿದ್ರು, ಬೆನ್ನುನೋವಿಗೆ ನಾವೆಲ್ಲ ಹಚ್ಚುತ್ತೇವಲ್ಲ ಅದೇ. ಕೆಪೆಸಿಟಬಿನ್ ಶುರುವಾಗುವಾಗ್ಲೇ ಕೈಗೆ ಹಚ್ಚಿದವರಲ್ಲಿ ಎರಡು ಮೂರನೇ ಹಂತದ ತೊಂದ್ರೆ ಬಂದದ್ದು 100ರಲ್ಲಿ 4 ಜನಕ್ಕೆ, ಹಚ್ಚದವರಲ್ಲಿ 15. ಇದು ಬರದ ಹಾಗೆ ತಡೀಲಿಕ್ಕೆ, ಒಡೆದ ಚರ್ಮಕ್ಕೆ ಹಚ್ಚಬಾರದು, ಹಾಗಾಗಿ ಅಮ್ಮನ ಕೈ ಸರಿಯಾಗಿ ಮಾತ್ರೆ ಪುನಃ ಶುರು ಮಾಡುವಾಗ ಹಚ್ಚಬಹುದಾ ಅಂತ ಡಾಕ್ಟ್ರ ಹತ್ರ ಕೇಳಿ. ಮೆಡಿಕಲಿನಿಂದ ತಾಕತ್ತಿನ ಮಾತ್ರೆ ಅಂತ ತಂದು ಕೊಡ್ಬೇಡಿ, ಅದರಲ್ಲಿ ಫೋಲಿಕ್ ಆಸಿಡ್ ಇದ್ರೆ ಕೆಪೆಸಿಟಬಿನ್‌ನ ತೊಂದ್ರೆ ಜಾಸ್ತಿ ಆಗ್ತದೆ.

ಮತ್ತೊಂದು, ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಈ ಮಾತ್ರೆಯಲ್ಲಿ ಬೆರಳಚ್ಚು ಮಾಸಿ ಹೋಗುದುಂಟು. ರೇಷನ್ ಅಂಗಡಿಯಲ್ಲಿ ತಂಬ್ ತಕೊಳ್ಳುದಿಲ್ಲ ಅಂತ ಕ್ಯೂನಲ್ಲಿ ನಿಂತು ಕಣ್ಣೀರು ಹಾಕಿದವರು ನನ್ನ ಹತ್ರ ಬಂದಿದ್ದಾರೆ, ಎಂತದೋ ತಪ್ಪು ಮಾಡಿದ ಹಾಗೆ. ತಪ್ಪು ಏನೂ ಇಲ್ಲ. ಕಾರ್ಡಿನಲ್ಲಿ ಹೆಸರಿರುವ ಬೇರೆಯವರು ತಂಬ್ ಕೊಟ್ರೆ ಆಗ್ತದೆ, ನೀವೇ ಹೋಗಿ.

ನಂಜಿನ ಬಗ್ಗೆ ನಾನು ಹಿರಿಯರ ಹತ್ರ ಜಗಳಕ್ಕೆ ಹೋಗುದಿಲ್ಲ, ಆದ್ರೆ ಬೂತಾಯಿ, ಬಂಗುಡೆ ಮೀನು ತಿಂದ್ರೆ ಗಡ್ಡೆ ಬೆಳೆಯುದಿಲ್ಲ, ಇದಂತೂ ಖಂಡಿತ. ಬಿಟ್ರೆ ಪ್ರೋಟೀನ್ ಕಮ್ಮಿಯಾಗಿ ಮಾಂಸ ಕರಗ್ತದೆ, ಬಚ್ಚುದು ಜಾಸ್ತಿ ಆಗ್ತದೆ. ಹುಣ್ಣಿದ್ದ ಬಾಯಿಗೆ ಖಾರ, ಹುಳಿ ಆಗುದಿಲ್ಲ, ಹಾಗಾಗಿ ಮೆಣಸು ಕಮ್ಮಿ ಹಾಕಿ ತೆಂಗಿನ ಹಾಲಲ್ಲಿ ಬೇಯಿಸಿ, ಕುಚ್ಚಲಕ್ಕಿ ಗಂಜಿ ಒಟ್ಟಿಗೆ ಕೊಡಿ. ಮೊಟ್ಟೆ, ತೊವ್ವೆ, ಮೊಸರು ಯಾವುದು ಸೇರ್ತದೋ ಅದು. ಮಾತ್ರೆ ಊಟ ಆಗಿ ಅರ್ಧ ಗಂಟೆಯೊಳಗೆ.

ಪ್ರಶ್ನೆ: ಉಡುಪಿಯವನು. ಹೆಂಡತಿಗೆ 49, ಬ್ರೆಸ್ಟ್ ಕ್ಯಾನ್ಸರ್ ಬೆನ್ನೆಲುಬಿಗೆ ಬಂದಿದೆ, ರಾತ್ರಿ ನಿದ್ರೆ ಇಲ್ಲ. ಮಾರ್ಫಿನ್ ಮಾತ್ರೆ ಬರೆದಿದ್ದಾರೆ, ರೇಡಿಯೇಶನ್ ಒಂದೇ ಸಲ ಸಾಕಂತೆ. ಅತ್ತಿಗೆ ಹೇಳ್ತಾರೆ ಮಾರ್ಫಿನ್ ಕೊನೆಗೆ ಕೊಡುದು, ಚಟ ಹಿಡೀತದೆ ಅಂತ. ಇವರು ಕೈಬಿಟ್ರಾ?

ಉತ್ತರ: ಇಲ್ಲ, ಕೈಬಿಡ್ಲಿಲ್ಲ. ಎಲುಬಿನ ನೋವಿಗೆ 8 ಗ್ರೇ (ರೇಡಿಯೇಶನ್‌ನ ಅಳತೆ) ಒಂದೇ ಸಲ ಕೊಟ್ರೂ, ಹತ್ತು ದಿನ ಓಡಾಡಿಸಿ ಕೊಟ್ರೂ ನೋವು ಕಮ್ಮಿಯಾಗುದು ಒಂದೇ ರೀತಿ, ಇದು ಎಷ್ಟೋ ಅಧ್ಯಯನಗಳಲ್ಲಿ ಗಟ್ಟಿಯಾದ ಮಾತು. ಕೆಲವರಿಗೆ ಮುಂದೆ ಪುನಃ ಒಮ್ಮೆ ಬೇಕಾಗ್ತದೆ, ಅಷ್ಟೇ. ಬೆನ್ನು ನೋವಿದ್ದವರನ್ನು ಕಾರಲ್ಲಿ ದಿನಾ ಕುಲುಕಿಸಿ ಕರ್ಕೊಂಡು ಹೋಗುದು ತಪ್ಪಿತಲ್ಲ.

ಮಾರ್ಫಿನ್ ಕೊಡುದು ನೋವು ನೋಡಿ, ದಿನ ಎಷ್ಟು ಉಳಿದಿದೆ ಅಂತ ನೋಡಿ ಅಲ್ಲ. ನೋವಿಗೆ ಸರಿಯಾಗಿ, ಡಾಕ್ಟ್ರ ಕಣ್ಣಳತೆಯಲ್ಲಿ ತಕೊಂಡ್ರೆ ಚಟ ಹಿಡಿಯುದು ಅಪರೂಪ, ರೇಡಿಯೇಶನ್‌ನಿಂದ ನೋವು ಇಳಿದ್ರೆ ಮಾತ್ರೆಯನ್ನೂ ನಿಧಾನಕ್ಕೆ ಇಳಿಸ್ತೇವೆ. ಮಾಮೂಲಿ ಮಾತ್ರೆಯ ಕೆಲಸ 4 ಗಂಟೆ, ಹಾಗಾಗಿ ನೋವು ಬರ್ಲಿ ಅಂತ ಕಾಯದೆ ಗಡಿಯಾರ ನೋಡಿ ಕೊಡಿ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಬರ್ತದೆ, ಹೋಗ್ತದೆ. ಹೋಗದೆ ಉಳಿಯುದು ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದ್ಲೇ ಔಷಧಿ ಒಟ್ಟಿಗೆ ಬೇಕು, ಬರೆದಿಲ್ಲದಿದ್ರೆ ಕೇಳಿ ಬರೆಸಿ. ಎಲ್ಲ ಮೆಡಿಕಲಲ್ಲಿ ಸಿಕ್ಕುದಿಲ್ಲ, ಅನುಮತಿ ಇರುವ ಆಸ್ಪತ್ರೆಯಲ್ಲೇ ತಕೊಳ್ಬೇಕು. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಆಸ್ಪತ್ರೆಗಳಿಗೆ ಇದನ್ನು ಇಟ್ಕೊಳ್ಳುದು ಸುಲಭ ಆಗಿದೆ. ನಿಮಗೆ ಹತ್ತಿರ ಮಣಿಪಾಲದಲ್ಲಿ ಪ್ಯಾಲಿಯೇಟಿವ್ ವಿಭಾಗವೇ ಉಂಟು, ಅಂದ್ರೆ ನೋವು, ತೊಂದ್ರೆ ಕಮ್ಮಿ ಮಾಡುವ ವಿಭಾಗ. ಆ ಹೆಸರು ಕೇಳಿ ಹೆದರ್ಬೇಡಿ, ಅದು ಕ್ಯಾನ್ಸರ್ ಟ್ರೀಟ್‌ಮೆಂಟ್ ನಿಲ್ಲಿಸಿ ಹೋಗುವ ಜಾಗ ಅಲ್ಲ, ಒಟ್ಟಿಗೇ ಹೋಗುವ ಜಾಗ.

ಎರಡು ವಿಷಯ ಮಾತ್ರ ಮರೀಬೇಡಿ. ಕಾಲಿಗೆ ಬಲ ಇಲ್ಲದಾಗುದು, ಸೊಂಟದ ಕೆಳಗೆ ಜೋಮು, ಮೂತ್ರ ಕಟ್ಟುದು, ಇದರಲ್ಲಿ ಒಂದು ಕಂಡ್ರೂ ಅದೇ ಗಂಟೆಗೆ ಆಸ್ಪತ್ರೆ, ಬೆನ್ನುಹುರಿ ಒತ್ತಿದ್ರೆ ತಡ ಮಾಡಿದಷ್ಟು ನಡಿಗೆ ವಾಪಸ್ ಬರುದು ಕಷ್ಟ. ಮತ್ತೆ ಎಲುಬಿಗೆ ಝೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಹೇಳಿದ್ರೆ ಮೊದಲು ಹಲ್ಲಿನ ಡಾಕ್ಟ್ರಿಗೆ ತೋರಿಸಿ, ಕೀಳ್ಲಿಕ್ಕಿರುವ ಹಲ್ಲು ಮೊದಲೇ ಕೀಳ್ಲಿ. ಇಂಜೆಕ್ಷನ್ ಶುರುವಾದ ಮೇಲೆ ಕಿತ್ತರೆ ದವಡೆಯ ಎಲುಬು ಕೊಳೆಯುವ ಅಪಾಯ ಉಂಟು.

ಪ್ರಶ್ನೆ: ಮೇಡಂ, ಸುರತ್ಕಲ್. ನನಗೆ 44. ಹರಡಿದ ಬ್ರೆಸ್ಟ್ ಕ್ಯಾನ್ಸರಿಗೆ ಪಾಲ್ಬೊಸಿಕ್ಲಿಬ್, ಲೆಟ್ರೊಜೋಲ್ ಮಾತ್ರೆ ತಕೊಳ್ತಾ ಇದ್ದೇನೆ. ಮುಂದಿನ ತಿಂಗಳು ಅಣ್ಣನ ಮಗಳ ಮದುವೆ, ಮೆಹಂದಿಯಿಂದ ಹಿಡಿದು ಎಲ್ಲದಕ್ಕೂ ಇರ್ಬೇಕು ಅಂತ ಆಸೆ. ಮನೆಯವರು ಬೇಡ ಅಂತಾರೆ. ಇನ್ನೊಂದು ಕೇಳ್ಲಿಕ್ಕೆ ನಾಚಿಕೆ, ಗಂಡನ ಒಟ್ಟಿಗೆ ಇರುವಾಗ ತುಂಬಾ ನೋವಾಗ್ತದೆ.

ಉತ್ತರ: ನಾಚಿಕೆ ಬಿಟ್ಟು ಕೇಳಿದ್ರಲ್ಲ, ತುಂಬಾ ಒಳ್ಳೇದಾಯ್ತು. ಲೆಟ್ರೊಜೋಲ್ ಈಸ್ಟ್ರೋಜನ್ ಇಳಿಸುದರಿಂದ ಆ ಭಾಗ ಒಣಗ್ತದೆ, ನೋವು ಅದರಿಂದ. ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಜೆಲ್ ವಾರಕ್ಕೆ ಎರಡು ಮೂರು ಸಲ, ಸೇರುವಾಗ ನೀರಿನಂಶದ ಲೂಬ್ರಿಕೆಂಟ್. ಹಾರ್ಮೋನ್ ಇರುವ ಕ್ರೀಮು ನಿಮ್ಮ ಕ್ಯಾನ್ಸರ್ ಡಾಕ್ಟ್ರ ಹತ್ರ ಕೇಳದೆ ಬೇಡ. ಗಂಡನಿಗೂ ಇದು ಓದ್ಲಿಕ್ಕೆ ಕೊಡಿ, ನಿಮಗೆ ಮನಸ್ಸಿಲ್ಲ ಅಂತ ಅವರು ಎಣಿಸಿರಬಹುದು.

ಮದುವೆಗೆ ಹೋಗಿ. ಪಾಲ್ಬೊಸಿಕ್ಲಿಬ್ 21 ದಿನ ತಕೊಂಡು 7 ದಿನ ಬಿಡುದಲ್ವ, ಮದುವೆಯ ತಾರೀಕು ಈಗ್ಲೇ ಡಾಕ್ಟ್ರಿಗೆ ಹೇಳಿ, ಬಿಡುವ ವಾರ ಅದಕ್ಕೆ ಹೊಂದುವ ಹಾಗೆ ಮಾಡ್ಲಿಕ್ಕೆ ಆಗ್ತದಾ ನೋಡ್ತಾರೆ. ನೀವಾಗಿಯೇ ದಿನ ಬಿಡ್ಬೇಡಿ. ಎರಡು ದಿನ ಮೊದಲು ರಕ್ತ ಪರೀಕ್ಷೆ, ಬಿಳಿ ರಕ್ತಕಣದ ಕೌಂಟ್ ಕಮ್ಮಿ ಇದ್ರೆ ಮದುವೆ ಹಾಲ್‌ನೊಳಗೆ ಮಾಸ್ಕ್, ಕೆಮ್ಮುವವರಿಂದ ದೂರ. ಮಧ್ಯಾಹ್ನ ಒಂದು ಗಂಟೆ ಮಲಗ್ಲಿಕ್ಕೆ ಹಾಲ್‌ನ ಹತ್ರ ಯಾರದಾದ್ರೂ ಮನೆಯಲ್ಲಿ ಒಂದು ಕೋಣೆ ಹೇಳಿ ಇಟ್ಕೊಳ್ಳಿ. ಇವತ್ತಿಂದ್ಲೇ ದಿನಾ ಸಂಜೆ 20 ನಿಮಿಷ ನಡೀರಿ, ಹರಡಿದ ಬ್ರೆಸ್ಟ್ ಕ್ಯಾನ್ಸರ್ ಇದ್ದ 357 ಜನರಲ್ಲಿ ವಾರಕ್ಕೆ ಎರಡು ದಿನದ ವ್ಯಾಯಾಮದಿಂದ ಸುಸ್ತು ಕಮ್ಮಿ ಆದದ್ದು 2024ರಲ್ಲಿ ಪ್ರಕಟ ಆಗಿದೆ. ಎಲುಬಿಗೆ ಬಂದಿದ್ರೆ ಭಾರ ಎತ್ತುದು, ಬಗ್ಗುದು ಬೇಡ. ಮದುವೆ ಊಟ ಬಿಸಿ ಇರುವಾಗ್ಲೇ ಮಾಡಿ, ಮೊದಲ ಪಂಕ್ತಿಯಲ್ಲಿ ಕೂತ್ಕೊಳ್ಳಿ, ಪಾಯಸವೂ ಆಗ್ತದೆ. ಅಣ್ಣನ ಹಿತ್ತಿಲಲ್ಲಿ ಚಕ್ಕೋತ ಇದ್ರೆ ಅದು ಮಾತ್ರ ಬೇಡ, ಅದು ಪಾಲ್ಬೊಸಿಕ್ಲಿಬ್ ಅನ್ನು ರಕ್ತದಲ್ಲಿ ಏರಿಸಬಹುದು.